ಒಂಟಿ ಆಟಗಾರನ ಲೋಕಕ್ಕೆ ಜನ ಬಂದಾಗ

ಕೊಪ್ಪಳ ಜಿಲ್ಲೆಯ ಬೇವೂರಿನಂಥ ಊರುಗಳಲ್ಲಿ ಚೌಕಾಬಾರ ಆಡಲು ಹೆಚ್ಚೇನೂ ಬೇಕಿಲ್ಲ. ಕಲ್ಲುಹಾಸಿನ ಮೇಲೆ ಇದ್ದಿಲಿನಿಂದ ಗೀಚಿದ 25 ಮನೆಗಳು, ನಾಲ್ಕು ಕವಡೆ. ಕವಡೆ ಸಿಗದಿದ್ದರೆ ಒಂದು ಬದಿ ತೇಯ್ದ ಹುಣಸೆ ಬೀಜ. ಬೇಕೇ ಬೇಕಾದದ್ದು ಒಂದೇ, ಎದುರಿಗೆ ಕೂರುವ ಇನ್ನೊಬ್ಬರು. ಅವರ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಹಾಗೆಯೇ ಗೀಟು ಹಾಕಿದ ಮನೆಯಲ್ಲಿ ಕೂತ ಕಾಯಿಯನ್ನು ಯಾರೂ ಮುಟ್ಟುವಂತಿಲ್ಲ. ಹೊಡೆತವೂ ಆಸರೆಯೂ ಆಟದ ನಿಯಮದಲ್ಲೇ ಇವೆ. ಮನುಷ್ಯರ ಆಟಗಳೆಲ್ಲ ಬಹುಮಟ್ಟಿಗೆ ಹೀಗೆ ಜನರ ನಡುವೆಯೇ ಹುಟ್ಟಿದವು.

ಆಟಕ್ಕೆ ಇನ್ನಷ್ಟು ಜನರನ್ನು ಸೇರಿಸುವ ಹಂಬಲವೂ ಹೊಸದಲ್ಲ. ಅಕ್ಬರನ ಆಸ್ಥಾನದ ಅಬುಲ್ ಫಜಲ್ ತನ್ನ 'ಆಯಿನ್-ಎ-ಅಕ್ಬರಿ'ಯಲ್ಲಿ 'ಚಂದಲ್ ಮಂಡಲ್' ಎಂಬ ಆಟವನ್ನು ವರ್ಣಿಸುತ್ತಾನೆ. ಸಾಮಾನ್ಯ ಪಗಡೆಗೆ ನಾಲ್ಕು ಜನ, 16 ಕಾಯಿ. ಇದಕ್ಕೆ 16 ಜನ, 64 ಕಾಯಿ. ಬಾದಶಹನಿಗೆ ಆಟ ಬರೀ ಕಾಲಕ್ಷೇಪವಾಗಿರಲಿಲ್ಲ, ಅದರ ಮೂಲಕ ಆತ ಜನರ ಗುಣವನ್ನು ತೂಗುತ್ತಿದ್ದ ಎಂದೂ ಅಬುಲ್ ಫಜಲ್ ಬರೆದಿದ್ದಾನೆ. ಆಸ್ಥಾನದ ಬರಹಗಾರನ ಹೊಗಳಿಕೆಯನ್ನು ಅಷ್ಟಿಷ್ಟು ಕಳೆದರೂ ಮಾತಿನಲ್ಲಿ ಹುರುಳಿದೆ. ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೂ (1794–1868) ಇದೇ ಗೀಳು. ಗಂಜೀಫಾ ಮತ್ತು ಮಣೆಯಾಟಗಳಲ್ಲಿ ಅವರು ಹೊಸ ಹೊಸ ಬಗೆಗಳನ್ನು ಕಟ್ಟಿದರು.

ಕಂಪ್ಯೂಟರಿನ ಸಾಹಸ ಆಟ ಮಾತ್ರ ಈ ವಂಶಕ್ಕೆ ಸೇರಿದ್ದಲ್ಲ. ಅದು ಹುಟ್ಟಿದ್ದೇ ಏಕಾಂತದಲ್ಲಿ. 1975–76ರ ಸುಮಾರಿಗೆ ಅಮೆರಿಕದ ವಿಲ್ ಕ್ರೌದರ್ ಎಂಬ ತಂತ್ರಜ್ಞ ತನ್ನ ಇಬ್ಬರು ಹೆಣ್ಣುಮಕ್ಕಳಿಗಾಗಿ 'ಅಡ್ವೆಂಚರ್' ಎಂಬ ಆಟ ಬರೆದ. ಆತ ಕೆಂಟಕಿಯ ಗುಹೆಗಳನ್ನು ಅಳೆದು ನಕ್ಷೆ ತಯಾರಿಸುವ ಹವ್ಯಾಸದವನಾಗಿದ್ದ. ಆಟದಲ್ಲಿ ಚಿತ್ರವಿಲ್ಲ, ಬರೀ ಅಕ್ಷರ. 'ಉತ್ತರಕ್ಕೆ ಹೋಗು', 'ದೀಪ ತೆಗೆದುಕೋ' ಎಂದು ಟೈಪು ಮಾಡಬೇಕು, ಯಂತ್ರ ಮುಂದಿನ ದೃಶ್ಯವನ್ನು ವಿವರಿಸುತ್ತದೆ. ಗುಹೆಯಲ್ಲಿ ಆಟಗಾರ ಒಬ್ಬನೇ. ನಿಧಿಯೆಲ್ಲ ಅವನಿಗಾಗಿಯೇ ಕಾದಿದೆ.

ಈ ಏಕಾಂತವನ್ನು ಮೊದಲು ಮುರಿದವರಲ್ಲಿ ಮುಖ್ಯರು ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್. 1978ರಲ್ಲಿ ಟ್ರಬ್‌ಶಾ ಆರಂಭಿಸಿ ನಂತರ ಬಾರ್ಟಲ್ ಮುಂದುವರಿಸಿದ 'ಮಡ್' ಎಂಬ ಆಟದಲ್ಲಿ ಹಲವರು ಒಂದೇ ಹೊತ್ತಿಗೆ ಒಂದೇ ಲೋಕದೊಳಗೆ ಅಡ್ಡಾಡಬಹುದಿತ್ತು. ಬದಲಾದದ್ದು ಆಟಗಾರರ ಸಂಖ್ಯೆಯಷ್ಟೇ ಎಂದು ತೋರುತ್ತದೆ. ಆದರೆ ಲೋಕದ ಸ್ವಭಾವವೇ ಬದಲಾಗಿತ್ತು. ಒಬ್ಬನು ಎತ್ತಿಕೊಂಡ ನಿಧಿ ಇನ್ನೊಬ್ಬನಿಗಿಲ್ಲ. ಆದ್ದರಿಂದ ಆಗಾಗ ಇಡೀ ಲೋಕವನ್ನು ಅಳಿಸಿ ಮೊದಲಿನಂತೆ ಮಾಡಬೇಕಾಯಿತು. ಒಂಟಿ ಆಟದಲ್ಲಿ ತಪ್ಪು ಹೆಜ್ಜೆಯಿಟ್ಟರೆ ಉಳಿಸಿಟ್ಟ ಹಳೆಯ ಸ್ಥಿತಿಗೆ ಮರಳಬಹುದು. ಹಲವರಿರುವ ಕಡೆ ಆ ಸೌಲಭ್ಯವಿಲ್ಲ. ಒಬ್ಬನಿಗಾಗಿ ಕಾಲವನ್ನು ಹಿಂದಕ್ಕೆ ತಿರುಗಿಸಿದರೆ ಉಳಿದವರ ಗತಿಯೇನು? ಮಾಡಿದ್ದು ಮಾಡಿದ್ದೇ.

ಇದರ ಪೂರ್ಣ ಪರೀಕ್ಷೆ ನಡೆದದ್ದು 'ಅಲ್ಟಿಮಾ'ದಲ್ಲಿ. ಅಮೆರಿಕದ ರಿಚರ್ಡ್ ಗ್ಯಾರಿಯಟ್ 1981ರಿಂದ ರೂಪಿಸಿದ ಈ ಸರಣಿ ಒಂಟಿ ಸಾಹಸ ಆಟಗಳಲ್ಲಿ ಬಹು ಹೆಸರಾದದ್ದು. 1985ರ ನಾಲ್ಕನೆಯ ಭಾಗವಂತೂ ಆ ಕಾಲಕ್ಕೆ ವಿಚಿತ್ರವೇ. ಕೊಲ್ಲಲು ಅದರಲ್ಲಿ ಮಹಾ ಖಳನಾಯಕನಿಲ್ಲ. ಪ್ರಾಮಾಣಿಕತೆ, ಕರುಣೆ, ಧೈರ್ಯ, ನ್ಯಾಯ, ತ್ಯಾಗ, ಗೌರವ, ಆಧ್ಯಾತ್ಮಿಕತೆ, ವಿನಯ ಎಂಬ ಎಂಟು ಗುಣಗಳನ್ನು ರೂಢಿಸಿಕೊಳ್ಳುವುದೇ ಗುರಿ. ಭಿಕ್ಷುಕನಿಗೆ ನಾಣ್ಯ ಕೊಟ್ಟರೆ ಕರುಣೆ ಹೆಚ್ಚುತ್ತದೆ. ಗಿಡಮೂಲಿಕೆ ಮಾರುವ ಕುರುಡಿಯೊಬ್ಬಳಿದ್ದಾಳೆ. ಹಣವನ್ನು ನಾವೇ ಎಣಿಸಿ ಕೊಡಬೇಕು. ಕಡಿಮೆ ಕೊಟ್ಟರೂ ಆಕೆಗೆ ಕಾಣದು, ಆದರೆ ಯಂತ್ರ ಲೆಕ್ಕವಿಡುತ್ತದೆ. ಕೋಣೆಯಲ್ಲಿ ಒಬ್ಬನೇ ಕೂತು ಎಷ್ಟೋ ಹುಡುಗರು ಈ ಆಟದಲ್ಲಿ ಸಜ್ಜನರಾದರು. ಅಲ್ಲಿ ಸಜ್ಜನಿಕೆಗೆ ಅಡ್ಡಬರುವ ಇನ್ನೊಬ್ಬ ಮನುಷ್ಯ ಇರಲಿಲ್ಲ ಎಂಬುದನ್ನು ಮರೆಯಬಾರದು.

ಅದೇ ಬ್ರಿಟಾನಿಯಾ ರಾಜ್ಯವನ್ನು ಸಾವಿರಾರು ಜನರಿಗೆ ತೆರೆದದ್ದು 1997ರಲ್ಲಿ, 'ಅಲ್ಟಿಮಾ ಆನ್‌ಲೈನ್' ಹೆಸರಿನಲ್ಲಿ. ಕೊಪ್ಪಳ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದದ್ದು ಅದೇ ವರ್ಷ. ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರ 'ಧ್ರುವ ಇಂಟರಾಕ್ಟಿವ್' ವಿಡಿಯೋ ಗೇಮ್ ಕಂಪನಿ ಆರಂಭವಾದದ್ದೂ ಆಗಲೇ. ಪ್ರಯೋಗದ ಹಂತದಲ್ಲಿ ಐದು ಡಾಲರ್ ಕೊಟ್ಟು ಸೇರಬಹುದೆಂದಾಗ ಸುಮಾರು 50,000 ಮಂದಿ ಹೆಸರು ಕೊಟ್ಟರು.

ವಿನ್ಯಾಸಕಾರರು ಲೋಕವನ್ನು ಬಹಳ ಆಸ್ಥೆಯಿಂದ ಕಟ್ಟಿದ್ದರು. ರಾಫ್ ಕೋಸ್ಟರ್ ಮತ್ತು ಸಂಗಡಿಗರು ಒಂದು ಪರಿಸರ ವ್ಯವಸ್ಥೆಯನ್ನೇ ಯೋಚಿಸಿದ್ದರು: ಹುಲ್ಲು ತಿನ್ನುವ ಪ್ರಾಣಿ, ಅದನ್ನು ತಿನ್ನುವ ತೋಳ, ಬೇಟೆ ಕಡಿಮೆಯಾದರೆ ಹಸಿದ ತೋಳ ಊರಿನತ್ತ ಬರುತ್ತದೆ. ಬಾಗಿಲು ತೆರೆದದ್ದೇ ತಡ, ಆಟಗಾರರು ಕಣ್ಣಿಗೆ ಬಿದ್ದ ಪ್ರಾಣಿಯನ್ನೆಲ್ಲ ಕೊಂದುಹಾಕಿದರು. ತೋಳ ಹಸಿಯುವುದಕ್ಕೂ ಬದುಕಿ ಉಳಿಯಲಿಲ್ಲ! ಆ ಏರ್ಪಾಟನ್ನೇ ಕೈಬಿಡಬೇಕಾಯಿತು.

ಅರಸನಿಗೂ ಅದೇ ಗತಿ. 1997ರ ಆಗಸ್ಟ್‌ನಲ್ಲಿ, ಪ್ರಯೋಗದ ಕೊನೆಯ ದಿನಗಳಲ್ಲಿ, ಗ್ಯಾರಿಯಟ್ ತನ್ನ ಪಾತ್ರವಾದ 'ಲಾರ್ಡ್ ಬ್ರಿಟಿಷ್' ದೊರೆಯಾಗಿ ಪ್ರಜೆಗಳಿಗೆ ದರ್ಶನ ಕೊಡುತ್ತಿದ್ದ. ದೊರೆಗೆ ಸಾವಿಲ್ಲದಂತೆ ಮಾಡುವ ಗುರುತನ್ನು ಹಾಕಲು ಆ ದಿನ ಮರೆತುಹೋಗಿತ್ತು. ಗುಂಪಿನಲ್ಲಿದ್ದ ಒಬ್ಬ ಬೆಂಕಿಯ ಮಂತ್ರ ಪ್ರಯೋಗಿಸಿದ, ದೊರೆ ಸತ್ತುಬಿದ್ದ. ನಂತರ ಆ ಆಟಗಾರನನ್ನು ಹೊರಹಾಕಲಾಯಿತು. ಉಳಿದವರು ಅದನ್ನು ಪ್ರತಿಭಟಿಸಿದರು. ಹನ್ನೆರಡು ವರ್ಷ ಹಿಂದೆ ವಿನಯ, ಕರುಣೆಗಳ ಪಾಠ ಹೇಳಿದ್ದ ರಾಜ್ಯದ ಕಥೆ ಇದು.

ಮುಂದೆ ನಡೆದದ್ದನ್ನು ರಾಜ್ಯಶಾಸ್ತ್ರದ ವಿದ್ಯಾರ್ಥಿಗಳು ಓದಬೇಕು. ಊರ ಗಡಿ ದಾಟಿದರೆ ದರೋಡೆಕೋರರು ಕಾದಿರುತ್ತಿದ್ದರು. ಗಣಿಯಲ್ಲಿ ಅದಿರು ಅಗೆದು ಬರುವ ಹೊಸಬನನ್ನು ಕೊಂದು ಮೈಮೇಲಿನದ್ದೆಲ್ಲ ದೋಚುವುದು ಕೆಲವರಿಗೆ ದಿನಚರಿಯಾಯಿತು. ಊರೊಳಗೆ ಕಾವಲುಗಾರರಿದ್ದರು, ನಮ್ಮ ಚೌಕಾಬಾರದ ಗೀಟಿನ ಮನೆಯಂತೆ. ಆದರೆ ಊರೊಳಗೇ ಕೂತರೆ ಸಾಹಸವೆಲ್ಲಿ? ಕೊಲೆಗಳ ಲೆಕ್ಕವಿಡುವ ಪದ್ಧತಿ ಬಂತು, ಕೊಲೆಗಾರರ ಹೆಸರು ಕೆಂಪು ಅಕ್ಷರದಲ್ಲಿ ಕಾಣತೊಡಗಿತು. ಕೆಲವರಿಗೆ ಆ ಕೆಂಪೇ ಬಿರುದಾಯಿತು. ಇನ್ನೊಂದು ಕಡೆ, ಯಾರೂ ಹೇಳಿಕೊಡದೆ ಜನ ಸಂಘ ಕಟ್ಟಿದರು, ಅಂಗಡಿ ಇಟ್ಟರು, ಕೊಲೆಗಾರರನ್ನು ಬೆನ್ನಟ್ಟುವ ಪಡೆ ಮಾಡಿಕೊಂಡರು. ಕುರುಡಿಗೆ ಸರಿಯಾದ ಹಣ ಕೊಟ್ಟು ಯಂತ್ರದಿಂದ ಅಂಕ ಪಡೆಯುವುದಕ್ಕಿಂತ, ಅಂಕದ ಆಸೆಯಿಲ್ಲದೆ ಕಾಡಿನ ದಾರಿಯಲ್ಲಿ ಅಪರಿಚಿತನ ಜೊತೆ ಕಾವಲಾಗಿ ನಡೆದವನ ಗುಣ ತೂಕದ್ದು ಎಂದು ನನಗನಿಸುತ್ತದೆ. ಅಂಥವನು ಒಂಟಿ ಆಟದಲ್ಲಿ ಕಾಣಸಿಗುವುದು ಸಾಧ್ಯವೇ ಇರಲಿಲ್ಲ.

ಆದರೆ ತಿಂಗಳ ಬಾಡಿಗೆ ಕೊಟ್ಟು ಆಡುವವರು ದೋಚಿಸಿಕೊಂಡು ಬೇಸತ್ತು ಹೊರಟರೆ ಕಂಪನಿಗೆ ನಷ್ಟ. 2000ದ ಮೇ ತಿಂಗಳಲ್ಲಿ ಅದು ಲೋಕವನ್ನು ಎರಡಾಗಿ ಮಾಡಿತು. ಬ್ರಿಟಾನಿಯಾದ ಎರಡು ಚಂದ್ರರ ಹೆಸರಿನಲ್ಲಿ ಒಂದೇ ನಕ್ಷೆಯ ಎರಡು ಪ್ರತಿ: 'ಟ್ರಾಮೆಲ್' ಮತ್ತು 'ಫೆಲುಕ್ಕಾ'. ಟ್ರಾಮೆಲ್‌ನಲ್ಲಿ ಒಪ್ಪಿಗೆಯಿಲ್ಲದೆ ಯಾರೂ ಯಾರನ್ನೂ ಕೊಲ್ಲುವಂತಿಲ್ಲ. ಫೆಲುಕ್ಕಾದಲ್ಲಿ ಹಳೆಯ ನಿಯಮ. ಜನ ಗುಂಪುಗುಂಪಾಗಿ ಟ್ರಾಮೆಲ್‌ಗೆ ಗುಳೆ ಹೋದರು. ಫೆಲುಕ್ಕಾದ ಮರಗಳ ಎಲೆಗಳನ್ನೂ ಕಂಪನಿ ಉದುರಿಸಿತು, ಅಲ್ಲಲ್ಲಿ ಗೋರಿಕಲ್ಲು ನೆಟ್ಟಿತು. ಕಾವಲುಪಡೆ ಕಟ್ಟಿದ್ದವರಿಗೆ ಟ್ರಾಮೆಲ್‌ನಲ್ಲಿ ಕೆಲಸ ಉಳಿಯಲಿಲ್ಲ. ಕಳ್ಳರಿಗೆ ಫೆಲುಕ್ಕಾದಲ್ಲಿ ದೋಚಲು ಹೊಸಬರು ಸಿಗಲಿಲ್ಲ.

ಆಟವನ್ನು ಮಾಡಿದ ಒರಿಜಿನ್ ಸಂಸ್ಥೆಯನ್ನು ಅದರ ಒಡೆತನದ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ 2004ರಲ್ಲಿ ಮುಚ್ಚಿತು. ಆಟ ಮಾತ್ರ ಇಂದಿಗೂ ನಡೆಯುತ್ತಿದೆ. ಅದರ ಜೊತೆಗೇ, ಲೋಕ ಇಬ್ಭಾಗವಾಗುವುದಕ್ಕೆ ಮೊದಲಿನ ಬ್ರಿಟಾನಿಯಾವೇ ಬೇಕೆಂದವರು ಸ್ವಂತ ಸರ್ವರುಗಳಲ್ಲಿ ಅದನ್ನು ಮತ್ತೆ ಕಟ್ಟಿಕೊಂಡಿದ್ದಾರೆ. ಅಲ್ಲಿ ಊರ ಗಡಿಯಾಚೆ ದರೋಡೆಕೋರರು ಈಗಲೂ ಕಾದಿರುತ್ತಾರೆ.