ತಮ್ಮ ಅಣ್ಣನಿಗೆ ಸಾಟಿಯಾದಾಗ

ಬಿಡಿಭಾಗ ತಂದು ಕಂಪ್ಯೂಟರ್ ಅಸೆಂಬಲ್ ಮಾಡಿಸುತ್ತಿದ್ದ ಕಾಲ ನೆನಪಿದೆಯೇ? 1998ರ ಆಗಸ್ಟ್ 24ರಂದು ಇಂಟೆಲ್ ಒಂದೇ ದಿನ ಅಣ್ಣ-ತಮ್ಮ ಇಬ್ಬರನ್ನೂ ಮಾರುಕಟ್ಟೆಗೆ ತಂದಿತು. ಅಣ್ಣ ಪೆಂಟಿಯಂ 2, ವೇಗ 450 ಮೆಗಾಹರ್ಟ್ಸ್, ಸಗಟು ಬೆಲೆ 669 ಡಾಲರ್. ತಮ್ಮ ಸೆಲೆರಾನ್ 300ಎ, ವೇಗ 300, ಬೆಲೆ ಬರೀ 149 ಡಾಲರ್.

ಅದೇ ಏಪ್ರಿಲ್‌ನಲ್ಲಿ ಬಂದಿದ್ದ ಮೊದಲ ಸೆಲೆರಾನ್‌ಗೆ ಎಲ್2 ಕ್ಯಾಶ್ ಇರಲೇ ಇಲ್ಲ. ಒಲೆ ಪಕ್ಕ ಒಗ್ಗರಣೆ ಡಬ್ಬಿ ಇಲ್ಲದೆ, ಸಾಸಿವೆಗೂ ಉಗ್ರಾಣಕ್ಕೆ ಓಡುವ ಪಾಡು! 300ಎಗೆ ಪ್ರೊಸೆಸರ್ ಒಳಗೇ 128 ಕೆಬಿಯ ಪುಟ್ಟ ಡಬ್ಬಿ ಸಿಕ್ಕಿತು. ಅಣ್ಣನ ಡಬ್ಬಿ 512 ಕೆಬಿ. ಆದರೆ ಬೇರೆ ಚಿಪ್‌ನಲ್ಲಿದ್ದು, ಅರ್ಧ ವೇಗದಲ್ಲಿ ನಡೆಯುತ್ತಿತ್ತು. ತಮ್ಮನದು ಪೂರ್ತಿ ವೇಗ.

ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ, ಅದರ ನಾಲ್ಕೂವರೆ ಪಟ್ಟು ಓಡುವ ತಮ್ಮನೂ 450 ಮುಟ್ಟುತ್ತಿದ್ದ. ಕಂಪ್ಯೂಟರ್ ಆಟಗಳಲ್ಲಂತೂ ಅಣ್ಣನಿಗೆ ಸರಿಸಾಟಿ! ಆದರೆ ಎಲ್ಲ ಚಿಪ್‌ಗಳೂ ಇದಕ್ಕೆ ಒಗ್ಗುತ್ತಿರಲಿಲ್ಲ, ಕಂಪನಿಯ ವಾರಂಟಿಯೂ ಇರಲಿಲ್ಲ. ದೊಡ್ಡ ಕ್ಯಾಶ್ ಬೇಡುವ ಕೆಲಸಕ್ಕೆ ಅಣ್ಣನೇ ಮೇಲು.

ಮನೆಬಳಕೆಗೆ ಮಾತ್ರ, 300ರಲ್ಲೇ ಓಡಿಸಿದರೂ, ಕೊಟ್ಟ ಹಣಕ್ಕೆ ಮೋಸವಿರಲಿಲ್ಲ. ಇಂದು ಲ್ಯಾಪ್‌ಟಾಪ್ ಕೊಳ್ಳುವಾಗಲೂ ಅಷ್ಟೇ: ಹೆಸರಿಗೆ ಮರುಳಾಗಬೇಡಿ, ನಿಮ್ಮ ಕೆಲಸಕ್ಕೆಷ್ಟು ಬೇಕೋ ಅಷ್ಟನ್ನು ಕೇಳಿ.