ಚಾರಿತ್ರಿಕ ನಗರವೂ ಅಂತರರಾಷ್ಟ್ರೀಯ ಚಲನಚಿತ್ರೋತ್ಸವವೂ: ಮೈಸೂರಿನ ನಿದರ್ಶನ

2016ನೆಯ ಇಸವಿಯಲ್ಲಿ ಎಂಟನೆಯ ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವವು ರಾಜಧಾನಿಯೊಡನೆ ಮೈಸೂರಿನಲ್ಲಿಯೂ ಜರುಗಿತು. ಅದರ ಸಮಾರೋಪಕ್ಕೆ ಅರಮನೆಯ ಆವರಣವೇ ವೇದಿಕೆಯಾಯಿತು. ಅರಮನೆಯ ಶೋಭೆಯು ಉತ್ಸವಕ್ಕೆ ಮೆರುಗನ್ನಿತ್ತಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇತಿಹಾಸದ ಅಭ್ಯಾಸಿಗಳು ಇಲ್ಲಿ ಒಂದು ಪ್ರಶ್ನೆಯನ್ನು ಕೇಳಬೇಕಾಗುತ್ತದೆ. ಚಾರಿತ್ರಿಕ ನಗರವು ಇಂಥ ಉತ್ಸವಕ್ಕೆ ಹಿನ್ನೆಲೆಯ ಪರದೆ ಮಾತ್ರವೆ, ಅಥವಾ ಚಲನಚಿತ್ರದ ಇತಿಹಾಸದಲ್ಲಿ ಅದಕ್ಕೆ ಸ್ವಂತವಾದ ಸ್ಥಾನವೊಂದುಂಟೆ?

ಭಾರತದ ಪ್ರಥಮ ಅಂತರರಾಷ್ಟ್ರೀಯ ಚಲನಚಿತ್ರೋತ್ಸವವು 1952ರ ಜನವರಿಯಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ಅದು ಒಂದೇ ನಗರದಲ್ಲಿ ನಿಲ್ಲದೆ ಮದರಾಸು, ದೆಹಲಿ, ಕಲ್ಕತ್ತೆಗಳಿಗೂ ಸಂಚರಿಸಿತು. ಅಲ್ಲಿ ಪ್ರದರ್ಶಿತವಾದ ಡಿ ಸೀಕಾನ ‘ಬೈಸಿಕಲ್ ಥೀವ್ಸ್’ ಚಿತ್ರದ ಪ್ರಭಾವವನ್ನು ಬಿಮಲ್ ರಾಯ್ ಅವರ ‘ದೋ ಬೀಘಾ ಜಮೀನ್’ (1953) ಚಿತ್ರದಲ್ಲಿ ಸ್ಪಷ್ಟವಾಗಿ ಕಾಣಬಹುದು. ಉತ್ಸವದ ನಿಜವಾದ ಫಲವು ಸಮಾರಂಭದ ವೈಭವದಲ್ಲಿಲ್ಲ, ಆತಿಥೇಯರು ಅದರಿಂದ ಕಲಿಯುವ ಪಾಠದಲ್ಲಿದೆ ಎಂಬುದಕ್ಕೆ ಇದು ಉತ್ತಮ ಸಾಕ್ಷ್ಯ. ಕರ್ನಾಟಕಕ್ಕೆ ಈ ಆತಿಥ್ಯವು 1980 ಮತ್ತು 1992ರಲ್ಲಿ ಬೆಂಗಳೂರಿನ ಮೂಲಕ ದೊರೆಯಿತು. ನಮ್ಮದೇ ಆದ ಉತ್ಸವವು 2006ರಲ್ಲಿ ಮೊದಲಾಯಿತು.

ಆದರೆ ಮೈಸೂರಿಗೂ ಅಂತರರಾಷ್ಟ್ರೀಯ ಉತ್ಸವಗಳಿಗೂ ಇರುವ ಸಂಬಂಧವು ಇವೆಲ್ಲಕ್ಕಿಂತ ಹಳೆಯದು. ರಾಬರ್ಟ್ ಫ್ಲಾಹರ್ಟಿಯು ಮೈಸೂರು ಸಂಸ್ಥಾನದ ಕಾಡುಗಳಲ್ಲಿ ಚಿತ್ರೀಕರಿಸಿದ ಭಾಗಗಳನ್ನೊಳಗೊಂಡ ‘ಎಲಿಫೆಂಟ್ ಬಾಯ್’ ಚಿತ್ರಕ್ಕಾಗಿ ಅವನಿಗೂ ಸಹನಿರ್ದೇಶಕ ಜೋಲ್ಟನ್ ಕೊರ್ಡಾನಿಗೂ 1937ರ ವೆನಿಸ್ ಉತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ದೊರೆಯಿತು. ಅದರ ನಾಯಕ ಸಾಬು ಮಾವುತನ ಮಗ. ನಿರ್ದೇಶಕರಿಗೆ ಪ್ರಶಸ್ತಿ, ಸಾಬುವಿಗೆ ಹಾಲಿವುಡ್ಡಿನ ಹಾದಿ ದೊರೆತುವು; ಆನೆಗಳನ್ನು ಪಳಗಿಸಿ ಚಿತ್ರವನ್ನು ಸಾಧ್ಯಗೊಳಿಸಿದ ಇತರ ಮಾವುತರ ಹೆಸರುಗಳಾದರೋ ಜನರ ನೆನಪಿನಿಂದ ಮರೆಯಾದುವು. ಮುಂದೆ ಇದೇ ನಗರದ ಪ್ರೀಮಿಯರ್ ಸ್ಟುಡಿಯೊದಲ್ಲಿ 1989ರ ಫೆಬ್ರವರಿ 8ರಂದು, ಟಿಪ್ಪು ಸುಲ್ತಾನನನ್ನು ಕುರಿತ ದೂರದರ್ಶನ ಧಾರಾವಾಹಿಯ ಚಿತ್ರೀಕರಣದ ಕಾಲದಲ್ಲಿ ಬೆಂಕಿ ಬಿದ್ದು 62 ಜನ ಮೃತರಾದರು. ಚಿತ್ರರಂಗದ ಇತಿಹಾಸವು ತಾರೆಯರ ಇತಿಹಾಸ ಮಾತ್ರವಲ್ಲವೆಂಬುದನ್ನು ಈ ದುರಂತವು ನೆನಪಿಸುತ್ತದೆ.

ಇನ್ನು ಮೈಸೂರಿನ ದಕ್ಷಿಣಕ್ಕೆ, ಹಿಂದೆ ಅದೇ ಜಿಲ್ಲೆಗೆ ಸೇರಿದ್ದು 1997ರಲ್ಲಿ ಪ್ರತ್ಯೇಕವಾದ ಚಾಮರಾಜನಗರದ ಕಡೆಗೆ ದೃಷ್ಟಿ ಹರಿಸೋಣ. ಅಲ್ಲಿಂದ ಪುಣಜನೂರಿನ ಕಾಡುದಾರಿಯಾಗಿ ಸಾಗಿದರೆ ತಮಿಳುನಾಡಿನ ಗಡಿ. ಗಡಿಯಾಚೆಯ ತಾಳವಾಡಿ ಸೀಮೆಯಲ್ಲಿಯೂ ಕನ್ನಡವೇ ಬಹುಜನರ ಮಾತು. ಆ ಸೀಮೆಯ ಗಾಜನೂರಿನಲ್ಲಿ 1929ರಲ್ಲಿ ಜನಿಸಿದವರು ಡಾ. ರಾಜಕುಮಾರ್; ಅವರ ತಂದೆ ರಂಗನಟ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು. ಕನ್ನಡ ಚಿತ್ರರಂಗಕ್ಕೆ ಶ್ರೇಷ್ಠ ನಟನನ್ನು ಕೊಟ್ಟದ್ದು ರಾಜಧಾನಿಯಲ್ಲ, ಗಡಿಯ ಹಳ್ಳಿ ಹಾಗೂ ನಾಟಕ ಕಂಪನಿಯ ಪರಂಪರೆ ಎಂಬುದು ಗಮನಾರ್ಹವಾದ ಸಂಗತಿ.

ಹೀಗಿರಲು ಅರಮನೆಯ ದೀಪಾಲಂಕಾರವೊಂದರಿಂದಲೇ ಚಾರಿತ್ರಿಕ ನಗರದ ಆತಿಥ್ಯವು ಪೂರ್ಣವಾಗಲಾರದು. ಈಚಿನ ದಸರಾ ಚಲನಚಿತ್ರೋತ್ಸವಗಳ ಪ್ರದರ್ಶನಗಳು ವ್ಯಾಪಾರ ಸಂಕೀರ್ಣದ ಮಂದಿರಗಳಲ್ಲಿ ನಡೆದಿವೆ. ನಗರದ ಹಳೆಯ ಶಾಂತಲಾ ಚಿತ್ರಮಂದಿರವು 2020ರಲ್ಲಿ ಮುಚ್ಚಿಹೋಯಿತು. ಕಟ್ಟಡವು ಮುಚ್ಚಿದಾಗ ಅದರ ಲೆಕ್ಕದ ಪುಸ್ತಕ, ಭಿತ್ತಿಪತ್ರ, ಯಂತ್ರ ನಡೆಸಿದವರ ಅನುಭವ ಇವೂ ಚದುರಿಹೋಗುವ ಭಯವುಂಟು. ಇವು ರಾಜಶಾಸನಗಳಷ್ಟು ಪ್ರಾಚೀನವಲ್ಲದಿರಬಹುದು. ಆದರೆ ಇಪ್ಪತ್ತನೆಯ ಶತಮಾನದ ಜನಜೀವನಕ್ಕೆ ಇವೇ ಶಾಸನಗಳು.

ಆದುದರಿಂದ ಮುಂದೆ ಇಂಥ ಉತ್ಸವವು ಮೈಸೂರಿಗೆ ಬರುವಾಗ, ವಿದೇಶೀ ಚಿತ್ರಗಳೊಡನೆ ಈ ನಾಡಿನಲ್ಲಿ ತಯಾರಾದ ಚಿತ್ರಗಳೂ ಅವುಗಳ ದಾಖಲೆಗಳೂ ಪ್ರದರ್ಶಿತವಾಗಬೇಕು. 1952ರ ಉತ್ಸವವು ನಗರದಿಂದ ನಗರಕ್ಕೆ ಸಾಗಿದಂತೆ ಇದು ಚಾಮರಾಜನಗರಕ್ಕೂ ಪುಣಜನೂರಿನಂಥ ಗಡಿಗ್ರಾಮಗಳಿಗೂ ಸಾಗಬೇಕು. ಕಾಲೇಜುಗಳ ಇತಿಹಾಸ ವಿದ್ಯಾರ್ಥಿಗಳು ಅದಕ್ಕಾಗಿ ಕಾಯಬೇಕಾಗಿಲ್ಲ. ತಮ್ಮ ಊರಿನ ಚಿತ್ರಮಂದಿರದ, ಸ್ಟುಡಿಯೊದ, ಆನೆಶಿಬಿರದ ಹಿರಿಯ ಕೆಲಸಗಾರರಿಂದ ವಿಷಯ ಸಂಗ್ರಹಿಸುವ ಕಾರ್ಯವನ್ನು ಅವರು ಈ ವರ್ಷವೇ ಕೈಗೊಳ್ಳಬಹುದು. ಆ ಹಿರಿಯರ ಕಾಲವು ಮೀರಿದ ಮೇಲೆ ಎಷ್ಟು ವೈಭವದ ಉತ್ಸವವೂ ಆ ನಷ್ಟವನ್ನು ತುಂಬಲಾರದು.