ರಕ್ತವೋ, ಸಂಸ್ಕಾರವೋ? — ಕಿರಾಣಾ ಮನೆತನದ ಕಥೆ

'ನೂಲಿನಂತೆ ಸೀರೆ, ತಾಯಿಯಂತೆ ಮಗಳು' ಎಂಬುದು ನಮ್ಮಲ್ಲಿ ಹಳೆಯ ಗಾದೆ. ಕಳೆದ ವರ್ಷ ಕೊಂಢವಾದ ಒಂದು ಮನೆಯಲ್ಲಿ ದೀಪಾವಳಿಯ ಫಳಾರಕ್ಕೆ ಕುಳಿತಿದ್ದಾಗ, ಬಾಗಲಕೋಟೆಯ ಕಡೆಯ ಹಿರಿಯ ತಾಯಿಯೊಬ್ಬರು ಮೊಮ್ಮಗಳನ್ನು ಕನ್ನಡದಲ್ಲಿ ಕರೆದರು. ಅವಳು ಮರಾಠಿಯಲ್ಲಿ ಓಗೊಟ್ಟಳು. "ರಕ್ತದಾಗ ಕನ್ನಡ ಐತಿ, ಬಾಯಾಗ ಯಾಕ ಬರವಲ್ದೋ ಏನೋ!" ಎಂದು ಅಜ್ಜಿ ನಿಟ್ಟುಸಿರು ಬಿಟ್ಟರು. ನಾವೆಲ್ಲರೂ ನಕ್ಕೆವು. ನಕ್ಕರೂ ಆ ಮಾತು ನನ್ನನ್ನು ಬಿಡಲಿಲ್ಲ. ಬುದ್ರುಕ್, ಖುರ್ದ್ ಎಂಬ ಎರಡು ಹಳ್ಳಿಗಳಾಗಿದ್ದ ಕೊಂಢವಾ ಇಂದು ಪುಣೆ ಮಹಾನಗರದಲ್ಲಿ ಸೇರಿಹೋಗಿ, ಮರಾಠಿ, ಉರ್ದು, ಹಿಂದಿ, ಕನ್ನಡಗಳು ಒಂದೇ ಲಿಫ್ಟಿನಲ್ಲಿ ಏರಿಳಿಯುವ ಊರಾಗಿದೆ. ಇಂಥಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಹುಟ್ಟಿನಿಂದ ಬರುವುದೆಷ್ಟು, ಬೆಳೆದ ಮನೆಯಿಂದ ಬರುವುದೆಷ್ಟು?

ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಪುಣೆಯಿಂದ ಮಿರಜ ಹಾಯ್ದು ನಮ್ಮ ಧಾರವಾಡ, ಹುಬ್ಬಳ್ಳಿಗಳಿಗೆ ಹೋಗುವ ರೈಲುಹಾದಿಯ ಮೇಲೆಯೇ, ನೂರು ವರ್ಷಗಳ ಹಿಂದೆ, ಯಾರೂ ಉದ್ದೇಶಿಸದೆ ಅದರ ಪರೀಕ್ಷೆಯೊಂದು ನಡೆದುಹೋಗಿದೆ. ನಾನು ಹೇಳುತ್ತಿರುವುದು ಕಿರಾಣಾ ಘರಾಣೆಯ ಸಂಗೀತದ ಮಾತು.

ಖಾಂಸಾಹೇಬ ಅಬ್ದುಲ್ ಕರೀಮ್ ಖಾನರು 1872ರಲ್ಲಿ ಉತ್ತರ ಪ್ರದೇಶದ ಕೈರಾನಾ ಎಂಬ ಊರಿನಲ್ಲಿ, ತಲೆತಲಾಂತರದಿಂದ ಗಾಯನವನ್ನೇ ನಂಬಿದ ವಂಶದಲ್ಲಿ ಹುಟ್ಟಿದವರು. ಆ ಕಾಲದ ಗಾಯಕ ವಂಶಗಳು ತಮ್ಮ ವಿದ್ಯೆಯನ್ನು ಮಕ್ಕಳು, ಅಳಿಯಂದಿರು, ಸೋದರಳಿಯರಾಚೆಗೆ ಸುಲಭವಾಗಿ ಬಿಟ್ಟುಕೊಡುತ್ತಿರಲಿಲ್ಲ. ಸಂಗೀತವು ರಕ್ತದಲ್ಲಿ ಹರಿಯುತ್ತದೆಂಬ ನಂಬಿಕೆಗೆ ಇದೂ ಒಂದು ಕಾರಣ. ಹೊರಗಿನವರಿಗೆ ಕಲಿಸದಿದ್ದ ಮೇಲೆ ಒಳಗಿನವರೇ ಹಾಡುಗಾರರಾಗಬೇಕಲ್ಲದೆ ಮತ್ತೇನು!

ಇದೇ ಬಗೆಯ ತಪ್ಪನ್ನು ವಿಲಾಯತಿಯ ಪಂಡಿತರೂ ಮಾಡಿದ್ದುಂಟು. ಫ್ರಾನ್ಸಿಸ್ ಗಾಲ್ಟನ್ ಎಂಬಾತ 1869ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪ್ರಸಿದ್ಧ ಪುರುಷರ ಬಂಧುಗಳಲ್ಲಿ ಪ್ರಸಿದ್ಧರು ಎಷ್ಟು ಮಂದಿ ಎಂದು ಲೆಕ್ಕ ಹಾಕಿ, ಪ್ರತಿಭೆಯು ಅನುವಂಶಿಕವೆಂದು ಸಾರಿದನು. ಜರ್ಮನಿಯ ಬಾಖ್ ಸಂಗೀತಗಾರರ ವಂಶವೂ ಅವನ ಪಟ್ಟಿಯಲ್ಲಿತ್ತು. ಆದರೆ ಬಾಖ್‌ನ ಮಕ್ಕಳು ತಂದೆಯ ರಕ್ತವನ್ನಷ್ಟೇ ಅಲ್ಲ, ತಂದೆಯ ಮನೆಯನ್ನೂ, ವಾದ್ಯಗಳನ್ನೂ, ದಿನವಹಿ ಪಾಠವನ್ನೂ ಪಡೆದಿದ್ದರು. ಎರಡೂ ಒಟ್ಟಿಗೇ ಬಂದಾಗ ಯಾವುದರ ಫಲ ಯಾವುದೆಂದು ಹೇಳುವುದು ಹೇಗೆ?

ಖಾಂಸಾಹೇಬರ ಬಾಳಿನಲ್ಲಿ ಈ ಎರಡು ಎಳೆಗಳು ಬೇರೆಯಾದವು. ಬಡೋದೆಯ ತಾರಾಬಾಯಿ ಮಾನೆಯವರೊಡನೆ ಅವರು ಸಂಸಾರ ಹೂಡಿ, 1913ರಲ್ಲಿ ಇದೇ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ತೆರೆದರು. ವಂಶದ ಗುಟ್ಟಾಗಿದ್ದ ವಿದ್ಯೆ ಹೀಗೆ ಶಾಲೆಯ ಜಗಲಿಗೆ ಬಂದಿತು. 1922ರಲ್ಲಿ ತಾರಾಬಾಯಿಯವರು ಐವರು ಮಕ್ಕಳನ್ನು ಕರೆದುಕೊಂಡು ಬೇರೆಯಾದರು. ಮಕ್ಕಳ ಹೆಸರುಗಳು ಸಹ ಬದಲಾದವು. ಅಬ್ದುಲ್ ರಹಮಾನ್ ಸುರೇಶಬಾಬು ಮಾನೆಯಾದರು. ಚಂಪಾಕಲಿ ಹೀರಾಬಾಯಿ ಬಡೋದೇಕರರಾದರು. ಸಕೀನಾ ಸರಸ್ವತಿ ರಾಣೆಯಾದರು. ತಂದೆಯ ಹೆಸರು ಹೋಯಿತು, ತಂದೆಯ ಮನೆ ಹೋಯಿತು. ಕಿರಾಣಾ ಗಾಯಕಿ ಮಾತ್ರ ಹೋಗಲಿಲ್ಲ. ಇದನ್ನು ಕೇಳಿದವರು, ನೋಡಿರಿ, ರಕ್ತದ ಮಹಿಮೆ ಎನ್ನಬಹುದು. ಆದರೆ ಹೀರಾಬಾಯಿಯವರಿಗೆ ಅಣ್ಣ ಸುರೇಶಬಾಬುಗಳೂ, ಕಿರಾಣಾದವರೇ ಆದ ಅಬ್ದುಲ್ ವಹೀದ್ ಖಾನರೂ ಕೂರಿಸಿ ಪಾಠ ಹೇಳಿದರೆಂಬುದನ್ನೂ, ಸರಸ್ವತಿಯವರನ್ನು ಅಣ್ಣ ಅಕ್ಕಂದಿರೇ ತಿದ್ದಿದರೆಂಬುದನ್ನೂ ಮರೆಯಲಾಗದು.

ಇನ್ನು ಹಾದಿಯ ಆಚೆಯ ತುದಿಗೆ ಬರೋಣ. ಖಾಂಸಾಹೇಬರು ನಮ್ಮ ಸೀಮೆಗೆ ಮೇಲಿಂದ ಮೇಲೆ ಬರುತ್ತಿದ್ದರು. ಕುಂದಗೋಳದ ರಾಮಚಂದ್ರ ಎಂಬ ಹುಡುಗ ಅವರ ಶಿಷ್ಯನಾಗಿ, ಮುಂದೆ ಸವಾಯಿ ಗಂಧರ್ವರೆಂದು ಹೆಸರಾದನು. ಕೈರಾನಾಕ್ಕೂ ಕುಂದಗೋಳಕ್ಕೂ ರಕ್ತದ ನಂಟು ಎಲ್ಲಿಯದು? ನುಡಿ ಬೇರೆ, ಮತ ಬೇರೆ, ಊಟ ಬೇರೆ. ಆದರೂ ಆ ಸ್ವರದ ಎಳೆತವು ಇಲ್ಲಿಯ ಮಣ್ಣಿನಲ್ಲಿ ಬೇರುಬಿಟ್ಟಿತು. 'ಘರಾಣೆ' ಎಂಬ ಶಬ್ದದೊಳಗಿರುವುದು 'ಘರ್' ಎಂದರೆ ಮನೆಯೇ ಹೊರತು ರಕ್ತವಲ್ಲ. ಕನ್ನಡದ 'ಮನೆತನ'ವೂ ಹಾಗೆಯೇ ಅಲ್ಲವೆ?

ಭೀಮಸೇನ ಜೋಶಿಯವರ ಬಾಲ್ಯದ ಕಥೆ ಎಲ್ಲರಿಗೂ ಗೊತ್ತಿರುವುದೇ. 1922ರಲ್ಲಿ ಗದಗ ಸೀಮೆಯಲ್ಲಿ ಹುಟ್ಟಿದ ಈ ಹುಡುಗನ ತಂದೆ ಗುರುರಾಜ ಜೋಶಿಯವರು ಶಾಲಾ ಮಾಸ್ತರರು. ತಾಯಿ ಮನೆಯಲ್ಲಿ ಭಜನೆ ಹಾಡುತ್ತಿದ್ದರು. ಹುಡುಗ ಮೆರವಣಿಗೆಯ ವಾದ್ಯದವರ ಹಿಂದೆ ಹೋಗಿ, ಸುಸ್ತಾಗಿ ಎಲ್ಲಿಯೋ ಮಲಗಿಬಿಡುತ್ತಿದ್ದನಂತೆ. ಹುಡುಕಿ ಹುಡುಕಿ ಬೇಸತ್ತ ತಂದೆ, ಇವನು ಜೋಶಿ ಮಾಸ್ತರರ ಮಗನೆಂದು ಅಂಗಿಯ ಮೇಲೆಯೇ ಬರೆದರಂತೆ. ಅದೇ ಊರಿನ ನೂರಾರು ಹುಡುಗರು ಅದೇ ಮೆರವಣಿಗೆಯನ್ನು ಕಂಡಿದ್ದರು. ಮೈಮರೆತು ಹಿಂದೆ ಹೋದವನು ಇವನೊಬ್ಬ. ಇದನ್ನು ಹುಟ್ಟುಗುಣವೆನ್ನದೆ ಏನೆನ್ನೋಣ? ಆದರೆ ಆ ಗುಣಕ್ಕೆ ರೂಪ ಕೊಟ್ಟದ್ದು ಗ್ರಾಮೋಫೋನಿನಲ್ಲಿ ಕೇಳಿಬಂದ ಖಾಂಸಾಹೇಬರ ಠುಮ್ರಿ. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನರಸುತ್ತ ಮನೆ ಬಿಟ್ಟವನು ಗ್ವಾಲಿಯರ್, ಜಾಲಂಧರಗಳವರೆಗೆ ಅಲೆದು, ಕಡೆಗೆ ತಂದೆಯೊಡನೆ ಮರಳಿ, ಮನೆಯಿಂದ ಬಹು ದೂರವಿಲ್ಲದ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಪಾದ ಹಿಡಿದನು. 1936ರಿಂದ 1940ರವರೆಗೆ ಗುರುಮನೆಯಲ್ಲಿ ನೀರು ಹೊತ್ತು, ಮನೆಗೆಲಸ ಮಾಡಿ ಕಲಿತ ವಿದ್ಯೆ ಅದು. ಗುರುವು 1952ರಲ್ಲಿ ತೀರಿಕೊಂಡಾಗ, ಅವರ ನೆನಪಿಗಾಗಿ ಮರುವರ್ಷ ಪುಣೆಯಲ್ಲಿ ಉತ್ಸವವನ್ನು ಆರಂಭಿಸಿದವರೂ ಅವರೇ.

ಗಂಗೂಬಾಯಿ ಹಾನಗಲ್ಲರ ಕಥೆ ಇನ್ನೂ ವಿಚಿತ್ರ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದಲ್ಲಿ ನುರಿತವರು. ಗಾದೆಯಂತೆ ಮಗಳು ತಾಯಿಯ ಸಂಗೀತವನ್ನೇ ಹಾಡಬೇಕಿತ್ತು. ಆದರೆ ಮಗಳ ಹಿಂದುಸ್ತಾನಿ ಗಾಯನದಲ್ಲಿ ತನ್ನ ಶೈಲಿ ಬೆರೆಯಬಾರದೆಂದು ಆ ತಾಯಿ ತಾನೇ ಹಾಡುವುದನ್ನು ನಿಲ್ಲಿಸಿದರು. ಮಕ್ಕಳಿಗಾಗಿ ಒಡವೆ ಮಾರಿದ ತಾಯಂದಿರನ್ನು ಕಂಡಿದ್ದೇವೆ. ಕಂಠವನ್ನೇ ಮೌನಗೊಳಿಸಿದವರನ್ನು ನಾನಂತೂ ಬೇರೆಲ್ಲೂ ಕೇಳಿಲ್ಲ. ಮುಂದೆ ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಬಂದು ಸವಾಯಿ ಗಂಧರ್ವರಲ್ಲಿ ಕಲಿತರು. ಅವರ ಗಂಡುದನಿ ಹುಟ್ಟಿನಿಂದ ಬಂದದ್ದೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. 1930ರ ದಶಕದ ಅವರ ತಟ್ಟೆಗಳಲ್ಲಿರುವುದು ತೆಳುವಾದ ಹೆಣ್ಣುದನಿಯೇ. ಗಂಟಲಿನ ಟಾನ್ಸಿಲ್ ತೆಗೆಸಿದ ಮೇಲೆ ದನಿ ಒಡೆದು ಗಡುಸಾಯಿತು. ರಕ್ತವೂ ಅಲ್ಲ, ಸಂಸ್ಕಾರವೂ ಅಲ್ಲ, ವೈದ್ಯರ ಚಾಕು! ಆ ದನಿಗೆ ಒಗ್ಗುವ ಹಾಡಿಕೆಯನ್ನು ಕಟ್ಟಿಕೊಂಡದ್ದು ಮಾತ್ರ ಅವರ ಸಾಧನೆ.

ಇಂದಿನ ವಿಜ್ಞಾನಿಗಳು ಹುಟ್ಟುಗುಣವನ್ನು ಅಲ್ಲಗಳೆಯುವುದಿಲ್ಲ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅವಳಿಗಳಿಗೆ ಪರಿಚಿತ ಧಾಟಿಗಳನ್ನು ಕೇಳಿಸಿ, ಅಪಸ್ವರವನ್ನು ಗುರುತಿಸಲು ಹೇಳಿದರು. ಒಂದೇ ಅಂಡದಿಂದ ಹುಟ್ಟಿ ವಂಶವಾಹಿಗಳೆಲ್ಲ ಒಂದೇ ಆಗಿರುವ ಅವಳಿಗಳು, ಸಾಧಾರಣ ಅವಳಿಗಳಿಗಿಂತ ಬಹಳ ಹೆಚ್ಚಾಗಿ ಒಬ್ಬರನ್ನೊಬ್ಬರು ಹೋತರು. ಈ ಶಕ್ತಿಯಲ್ಲಿ ಜನರ ನಡುವೆ ಕಾಣುವ ಅಂತರದ ನೂರಕ್ಕೆ 70ರಿಂದ 80ರಷ್ಟು ಅನುವಂಶಿಕವೆಂದು ಅವರು ಎಣಿಸಿದರು. ಆದರೆ ಇದು ಗುಂಪಿನೊಳಗಿನ ಅಂತರದ ಲೆಕ್ಕವೇ ಹೊರತು, ಒಬ್ಬ ಮನುಷ್ಯನಲ್ಲಿ ಇಷ್ಟು ಪಾಲು ರಕ್ತ, ಇಷ್ಟು ಪಾಲು ಪಾಠವೆಂದು ತೂಗಿಕೊಟ್ಟ ಲೆಕ್ಕವಲ್ಲ. ಅದೂ ಅಲ್ಲದೆ, ಆ ಅವಳಿಗಳು ಗುರುತಿಸಿದ್ದು ತಮ್ಮ ನಾಡಿನಲ್ಲಿ ಕೇಳಿ ಬೆಳೆದ ಧಾಟಿಗಳನ್ನು. ಕಿವಿಯ ಸೂಕ್ಷ್ಮವನ್ನು ವಂಶವಾಹಿ ಕೊಡಬಹುದು. ತೋಡಿ, ಭೈರವಿಗಳನ್ನು ಅದು ಕೊಡಲಾರದು. ನುಡಿಯೂ ಅಷ್ಟೇ. ಮಾತನಾಡುವ ಶಕ್ತಿ ಪ್ರತಿ ಕೂಸಿಗೂ ಹುಟ್ಟಿನಿಂದ ಬರುತ್ತದೆ. ಕನ್ನಡ ಬರುವುದು ಕನ್ನಡ ಆಡುವವರಿಂದ.

ಭೀಮಸೇನರು 2011ರಲ್ಲಿ ಪುಣೆಯಲ್ಲಿಯೇ ಕಣ್ಣು ಮುಚ್ಚಿದರು. ಈ ಊರು ಅವರಿಗೆ ಮರಾಠಿ ಅಭಂಗಗಳನ್ನು ಕೊಟ್ಟಿತು. ಅವರ 'ಸಂತವಾಣಿ'ಗೆ ಮಹಾರಾಷ್ಟ್ರವೇ ತಲೆದೂಗಿತು. ಆದರೆ 'ದಾಸವಾಣಿ'ಯಲ್ಲಿ ಪುರಂದರದಾಸರ ಪದವನ್ನೆತ್ತಿಕೊಂಡಾಗ ಅವರ ಉಚ್ಚಾರವನ್ನು ಕೇಳಿರಿ: ಊರು ಬಿಟ್ಟು ಅರ್ಧ ಶತಮಾನ ಕಳೆದರೂ ತಾಯಿಯ ಭಜನೆಯ ಕನ್ನಡ ಹಾಗೆಯೇ ಇದೆ.

ಅಂದು ಫಳಾರ ಮುಗಿದ ಮೇಲೆ ಅದೇ ಮೊಮ್ಮಗಳು, ಮೊಬೈಲಿನಲ್ಲಿ ಕೇಳಿ ಕಲಿತ ಅಂಥದೇ ಒಂದು ಪದವನ್ನು ಗುನುಗುತ್ತಿದ್ದಳು. ಅರ್ಥವೇನೆಂದು ಕೇಳಿದೆ, ಗೊತ್ತಿಲ್ಲವೆಂದು ಮರಾಠಿಯಲ್ಲಿ ಹೇಳಿದಳು. ಅಜ್ಜಿ ಚಕ್ಕುಲಿಯ ತಟ್ಟೆಯನ್ನು ಬದಿಗಿಟ್ಟು, "ಬಾ ಇಲ್ಲಿ, ಕೂಡು" ಎಂದು ಅವಳನ್ನು ತೊಡೆಯ ಪಕ್ಕಕ್ಕೆ ಎಳೆದುಕೊಂಡು, ಮೊದಲ ಸಾಲಿನಿಂದ ಹೇಳಿಕೊಡತೊಡಗಿದರು.